ಹಂದಿಯ ಮಿದುಳು, ಕ್ಲಾಡಿನ್-5 ಮತ್ತು ಆರುನೂರು ಓಮ್: ನನ್ನ ಅನುಭವ

ರಕ್ತದಲ್ಲಿರುವುದೆಲ್ಲ ಮಿದುಳಿಗೆ ಇಳಿಯದಂತೆ ತಡೆಯುವ ನಾಳದ ಕೋಶಗಳ ಪದರವನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ನನ್ನ ಕೆಲಸ. ‘ಬಿಎಂಡ್-3 ಕೋಶಗಳೇ ಸಾಕು, ಅದರಲ್ಲೇ ಪ್ರಬಂಧ ಮುಗಿಸು’ ಎಂದವರೇ ನಮ್ಮಲ್ಲಿ ಹೆಚ್ಚು. ಇಲಿಯ ಮಿದುಳಿನ ನಾಳದ ಆ ಕೋಶಗಳನ್ನು ನಾನೂ ವರ್ಷಗಟ್ಟಲೆ ಬೆಳೆಸಿದ್ದೇನೆ. ಪದರ ಎಷ್ಟು ಬಿಗಿಯಾಗಿದೆ ಎಂದು ತೋರಿಸುವ ವಿದ್ಯುತ್ ನಿರೋಧ, ಅಂದರೆ ಟೀರ್, ಮೂವತ್ತು ನಲವತ್ತು ಓಮ್ ಚದರ ಸೆಂಟಿಮೀಟರ್ ದಾಟಲೇ ಇಲ್ಲ. ಫ್ಲೋರೆಸೀನ್ ಬಣ್ಣ ಹಾಕಿದರೆ ಸೋರಿ ಕೆಳಗಿಳಿಯುತ್ತದೆ. ಇಂಥ ಪದರದ ಮೇಲೆ ಔಷಧ ಪರೀಕ್ಷಿಸಿ ‘ಮಿದುಳಿನ ತಡೆಗೋಡೆ ದಾಟಿತು’ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ.

ಈ ಕೋಶಗಳ ನಡುವಿನ ಸಂದನ್ನು ಮುಚ್ಚುವ ಪ್ರೋಟೀನ್ ಕ್ಲಾಡಿನ್-5. ಅದಿಲ್ಲದ ಇಲಿಮರಿಗಳು ಹುಟ್ಟಿದ ದಿನವೇ ಸಾಯುತ್ತವೆ. ಅವುಗಳ ಮಿದುಳಿನ ನಾಳಗಳಲ್ಲಿ ಸುಮಾರು 800 ಡಾಲ್ಟನ್‌ಗಿಂತ ಚಿಕ್ಕ ಅಣುಗಳು ಸೋರುತ್ತವೆ. ಟ್ಸುಕಿಟಾ ಅವರ ಗುಂಪು 2003ರಲ್ಲಿ ತೋರಿಸಿದ ಈ ಫಲಿತಾಂಶವೇ ನನ್ನನ್ನು ಹಂದಿಯ ಮಿದುಳಿಗೆ ತಂದದ್ದು. ಬೆಂಗಳೂರಿನಲ್ಲಿ ಹಂದಿ ಕಡಿಯುವವರನ್ನು ಪರಿಚಯ ಮಾಡಿಕೊಂಡು, ಬೆಳಗಿನ ಜಾವ ಐಸ್ ಪೆಟ್ಟಿಗೆಯೊಂದಿಗೆ ಹೋಗುತ್ತಿದ್ದೆ. ಮಿದುಳಿಗೆ ಅವರು ಕೇಳುತ್ತಿದ್ದದ್ದು ಅತ್ಯಲ್ಪ. ದುಬಾರಿಯಾದದ್ದು ಉಳಿದೆಲ್ಲ: ಕೋಶಗಳನ್ನು ಬೆಳೆಸುವ ರಂಧ್ರತಳದ ಬಟ್ಟಲು, ಅಂದರೆ ಇನ್ಸರ್ಟ್, ಒಂದಕ್ಕೆ ಸುಮಾರು ಐನೂರು ರೂಪಾಯಿ, ಕ್ಲಾಡಿನ್ ಗುರುತಿಸುವ ಪ್ರತಿಕಾಯಕ್ಕೆ ನಲವತ್ತು ಸಾವಿರದ ಹತ್ತಿರ. ಇನ್ಸರ್ಟ್ ತೊಳೆದು ಮತ್ತೆ ಬಳಸಬಹುದೇ ಎಂದೂ ನೋಡಿದೆವು. ಟೀರ್ ಪ್ಲೇಟಿನ ಒಂದೊಂದು ಬಾವಿಯಲ್ಲಿ (ಗುಳಿಯಲ್ಲಿ) ಒಂದೊಂದು ತೋರಿಸಿತು. ಆ ಉಳಿತಾಯ ಬೇಡ.

ಮಿದುಳಿನ ಪೊರೆಯನ್ನು ಕೊನೆಯ ಚೂರಿನವರೆಗೆ ಸುಲಿಯಬೇಕು, ಇಲ್ಲವಾದರೆ ಅದರಲ್ಲಿರುವ ಫೈಬ್ರೊಬ್ಲಾಸ್ಟ್ ಕೋಶಗಳು ಪ್ಲೇಟನ್ನೇ ನುಂಗಿಬಿಡುತ್ತವೆ. ಅಂಗಾಂಶ ಬಿಡಿಸುವ ಡಿಸ್ಪೇಸ್, ಕೊಲಾಜೆನೇಸ್ ಕಿಣ್ವಗಳು, ನಾಳಗಳನ್ನು ಬೇರ್ಪಡಿಸುವ ಸಾಂದ್ರತೆಯ ಅಪಕೇಂದ್ರಣ ಈ ಕೆಲಸದವರಿಗೆ ಗೊತ್ತಿರುವವೇ. ನಾಳಕ್ಕೆ ಅಂಟಿಕೊಂಡು ಬರುವ ಪೆರಿಸೈಟ್ ಕೋಶಗಳ ಕಾಟ ಮಾತ್ರ ನನ್ನನ್ನು ತಿಂಗಳುಗಳ ಕಾಲ ಕಾಡಿತು. ಪ್ಯೂರೊಮೈಸಿನ್ ಎಂಬ ಕೋಶವಿಷವನ್ನು ಮೊದಲ ಎರಡು ಮೂರು ದಿನ ಹಾಕಿದ ಮೇಲೆ ಅವು ಸತ್ತವು. ನಾಳದ ಕೋಶಗಳು ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪಿನಿಂದ ಆ ವಿಷವನ್ನು ಹೊರಗೆ ತಳ್ಳುತ್ತವೆ, ಪೆರಿಸೈಟ್‌ಗಳಿಗೆ ಆ ಬಲ ಸಾಲದು. ಮಿಲಿಲೀಟರಿಗೆ ಎಷ್ಟು ಮೈಕ್ರೊಗ್ರಾಂ ಎಂಬುದು ನಿಮ್ಮ ಬ್ಯಾಚಿನ ಮೇಲೆ ನಿಂತಿದೆ. ಮೂರು ನಾಲ್ಕರ ಸುತ್ತ ಹುಡುಕಿ.

ಆದರೂ ಟೀರ್ ನೂರಕ್ಕೇ ನಿಂತಿತ್ತು. ಪದರ ತುಂಬಿದ ಮೇಲೆ ಪೋಷಕ ದ್ರವದಿಂದ ಸೀರಮ್ ತೆಗೆದು ಹೈಡ್ರೊಕಾರ್ಟಿಸೋನ್ ಹಾರ್ಮೋನ್ ಹಾಕಿದಾಗ ಮರುದಿನವೇ ಮುನ್ನೂರು, ಮತ್ತೊಂದು ದಿನಕ್ಕೆ ಆರುನೂರರ ಹತ್ತಿರ. ಮೀಟರ್ ಕೆಟ್ಟಿದೆ ಎಂದರು ಒಬ್ಬರು. ಬೇರೆ ವಿಭಾಗದ ಮೀಟರ್ ತಂದು ಅವರ ಕಣ್ಣೆದುರಿಗೇ ಅಳೆದೆ. ಸೀರಮನ್ನು ಯಾವ ಗಂಟೆಯಲ್ಲಿ ತೆಗೆಯಬೇಕು, ಲೇಪನದಲ್ಲಿ ಕೊಲಾಜೆನ್ ಜೊತೆ ಇನ್ನೇನಿರಬೇಕು ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ಹೇಳಲಾರೆ. ಪ್ಲೇಟನ್ನು ಇನ್‌ಕ್ಯುಬೇಟರಿನಿಂದ ತೆಗೆದ ಕೂಡಲೇ ಅಳೆಯಬೇಡಿ ಎಂಬುದನ್ನಂತೂ ಹೇಳುತ್ತೇನೆ. ತಣ್ಣಗಾಗುತ್ತಿರುವಾಗ ಅಂಕಿ ಏರುತ್ತಲೇ ಇರುತ್ತದೆ. ಎಲ್ಲ ಬಾವಿಗಳೂ ಕೋಣೆಯ ಶಾಖಕ್ಕೆ ಬರಲಿ.

ಚಿತ್ರ ತೆಗೆಯುವುದು ಇನ್ನೊಂದು ರಗಳೆ. ಕೋಶಗಳನ್ನು ಇದ್ದಂತೆಯೇ ಹಿಡಿದಿಡಲು ಬಳಸಿದ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಕ್ಲಾಡಿನ್ ಮಂಕಾಗಿ, ಚುಕ್ಕೆ ಚುಕ್ಕೆಯಾಗಿ ಕಂಡಿತು. ಫ್ರೀಜರಿನಲ್ಲಿಟ್ಟ ಮೆಥನಾಲ್‌ನಲ್ಲಿ ಕ್ಲಾಡಿನ್, ಆಕ್ಲೂಡಿನ್, ಝಡ್‌ಒ-1 ಈ ಮೂರೂ ಸಂದಿನ ಪ್ರೋಟೀನ್‌ಗಳು ಕೋಶದ ಅಂಚಿಗುಂಟ ಗೆರೆ ಎಳೆದಂತೆ ನಿಂತವು. ಪ್ರೋಟೀನನ್ನು ಗಾತ್ರದಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ಗೆ ಮಾದರಿಯನ್ನು ಕುದಿಸಬೇಡಿ. ಕ್ಲಾಡಿನ್ ಕೋಶಪೊರೆಯಲ್ಲಿ ನಾಲ್ಕು ಸಲ ಹಾದುಹೋಗುವ ಪ್ರೋಟೀನ್, ಕುದಿಸಿದರೆ ಗಂಟುಕಟ್ಟಿ ಜೆಲ್‌ನ ಮೇಲ್ತುದಿಯಲ್ಲೇ ಕೂರುತ್ತದೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ 23 ಕಿಲೊಡಾಲ್ಟನ್ ಸುಮಾರಿಗೆ ಅಚ್ಚುಕಟ್ಟಾದ ಪಟ್ಟಿ ಸಿಗುತ್ತದೆ.

ನಡುವೆ ಕುತೂಹಲಕ್ಕೆ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಹಾಕಿ ನೋಡಿದೆ. ಕ್ಯಾಲ್ಸಿಯಂ ಹೋದೊಡನೆ ಕೋಶಗಳನ್ನು ಪರಸ್ಪರ ಹಿಡಿದಿಡುವ ವಿಇ-ಕ್ಯಾಡ್‌ಹೆರಿನ್ ಪ್ರೋಟೀನ್ ಕೈ ಬಿಟ್ಟಿತು, ಟೀರ್ ನೆಲಕಚ್ಚಿತು. ಕ್ಯಾಲ್ಸಿಯಂ ಮರಳಿ ಕೊಟ್ಟ ಮೇಲೆ ಬಹುಪಾಲು ಚೇತರಿಸಿಕೊಂಡಿತು. ಕೋಶಗಳ ನೀರೆಳೆದು ಕುಗ್ಗಿಸುವ ಸಾಂದ್ರ ಮ್ಯಾನಿಟಾಲ್ ಹಾಕಿದ ಬಾವಿಗಳು ಮಾತ್ರ ಪೂರ್ತಿ ಏಳಲಿಲ್ಲ. ಅದನ್ನು ಮುಂದುವರಿಸಲು ಹಣವೂ ಉಳಿದಿರಲಿಲ್ಲ.

ಬೇರ್ಪಡಿಸಿದ ಕ್ಯಾಪಿಲರಿಗಳನ್ನು (ಸೂಕ್ಷ್ಮ ರಕ್ತನಾಳಗಳನ್ನು), ಹೆಪ್ಪುಗಟ್ಟುವಾಗ ಕಾಪಾಡುವ ಡಿಎಂಎಸ್‌ಒ ಹಾಕಿ ದ್ರವ ಸಾರಜನಕದಲ್ಲಿ ಇಡುತ್ತಿದ್ದೇನೆ. ಕರಗಿಸಿದ ಮೇಲೆ ಟೀರ್ ನಾನೂರರ ಆಸುಪಾಸು ಬರುತ್ತದೆ. ತಾಜಾ ಕೋಶಗಳಷ್ಟಿಲ್ಲ, ಆದರೆ ಪ್ರತಿ ಸಲ ನಸುಕಿನಲ್ಲೇ ಎದ್ದು ಹೋಗಬೇಕಾಗಿಲ್ಲ.