ಬಟವಾಡೆ ಪುಸ್ತಕದಲ್ಲಿದ್ದ ನಮ್ಮ ಕಂಪನಿಯ ಚರಿತ್ರೆ

ಮೈಸೂರಿನಲ್ಲಿ ಮೂರು ತಲೆಮಾರಿನಿಂದ ಕಟ್ಟಡದ ಗುತ್ತಿಗೆಯೇ ನಮ್ಮ ಮನೆಯ ಕಸುಬು. ಮೇಸ್ತ್ರಿಯಾಗಿದ್ದ ತಾತ ಸ್ವಂತಕ್ಕೆ ಕೆಲಸ ಹಿಡಿಯಲು ಶುರು ಮಾಡಿದರು. ಅಪ್ಪ ಮತ್ತು ಚಿಕ್ಕಪ್ಪ ಅದನ್ನು ಪಾಲುದಾರಿಕೆ ಸಂಸ್ಥೆ ಮಾಡಿದರು. ಈಗ ನಾನೂ ಚಿಕ್ಕಪ್ಪನ ಮಗಳೂ ನೋಡಿಕೊಳ್ಳುತ್ತೇವೆ. ಇದರ ಚರಿತ್ರೆ ಬರೆದಿಡೋಣವೆಂದು ಹೊರಟಾಗ ಮನೆಯಲ್ಲಿ ಎಲ್ಲರೂ ಕೊಟ್ಟದ್ದು ಕಟ್ಟಡಗಳ ಪಟ್ಟಿ: ಈ ಛತ್ರ ನಮ್ಮದು, ಆ ಶಾಲೆ ನಮ್ಮದು. ಪಟ್ಟಿಯಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ಕಂಪನಿ ಹೇಗೆ ಬದುಕಿತು ಎಂಬುದೂ ಇರಲಿಲ್ಲ.

ಸರ್ಕಾರಿ ಕೆಲಸದಲ್ಲಿ ಎಷ್ಟು ಕೆಲಸ ಆಯಿತೆಂದು ಬರೆಯುವ ಅಳತೆ ಪುಸ್ತಕ ಇಲಾಖೆಯ ಸ್ವತ್ತು. ಗುತ್ತಿಗೆದಾರನ ಕೈಯಲ್ಲಿ ಉಳಿಯುವುದು ಬಿಲ್ಲಿನ ನಕಲು ಮಾತ್ರ. ಪೂರ್ತಿಯಾಗಿ ನಮ್ಮದೇ ಆಗಿ ಉಳಿದದ್ದು ಬಟವಾಡೆ ಪುಸ್ತಕಗಳು, ಶನಿವಾರ ಶನಿವಾರ ಕೂಲಿ ಕೊಡುವಾಗ ಬರೆದವು. ಯಾರು ಎಷ್ಟು ಆಳು, ಯಾವ ಕೆಲಸ, ಎಷ್ಟು ಮುಂಗಡ, ಎಲ್ಲವೂ ಅಲ್ಲಿದೆ. ಹೀಗಾಗಿ ನಾನು ಅಲ್ಲಿಂದಲೇ ಶುರು ಮಾಡಿದೆ.

ಬಹಳ ಪುಸ್ತಕಗಳಲ್ಲಿ ಇಸವಿ ಇಲ್ಲ, ವಾರ ಮತ್ತು ತಿಂಗಳು ಮಾತ್ರ. ಅವನ್ನು ಸಾಲಾಗಿ ಜೋಡಿಸಲು ಒಳಗಿನ ಗುರುತುಗಳನ್ನೇ ಹಿಡಿದೆ. ಕೂಲಿ ಆಣೆಯಲ್ಲಿದ್ದರೆ ಸುಮಾರಾಗಿ 1957ರ ಏಪ್ರಿಲ್‌ಗೆ ಹಿಂದಿನದು. ನಯಾ ಪೈಸೆ ಬಂದದ್ದು ಆಗ. ಅಡಿಯ ಜೊತೆಗೆ ಮೀಟರ್ ಕಾಣಿಸಿದರೆ ಅದಕ್ಕಿಂತ ಈಚಿನದು. ಮನೆ ಕಟ್ಟಿಸುವವರು ಇವತ್ತಿಗೂ ಚದರದಲ್ಲೇ (ನೂರು ಚದರಡಿಯ ಲೆಕ್ಕದಲ್ಲಿ) ಮಾತಾಡುತ್ತಾರಾದ್ದರಿಂದ ಚದರವನ್ನು ನಂಬಿ ಕಾಲ ಹೇಳಲಾಗದು. ಈಚಿನ ಬಿಲ್ಲುಗಳಿಗೆ ಇನ್ನೊಂದು ಗುರುತು ಕಾಂಕ್ರೀಟಿನ ಪಾಕ. ಕಾಂಕ್ರೀಟಿನ ಕೆಲಸಕ್ಕಿರುವ ಐಎಸ್ 456 ಎಂಬ ಭಾರತೀಯ ಸಂಹಿತೆ 2000ದಲ್ಲಿ ಪರಿಷ್ಕರಣೆಯಾಗಿ, ಆರ್‌ಸಿಸಿಗೆ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿಗೆ, ಕನಿಷ್ಠ ಎಂ20 ಎಂಬ ಬಲದ ದರ್ಜೆ ಬೇಕೆಂದಾಯಿತು. ಅಲ್ಲಿಂದಾಚೆಗೆ ನಮ್ಮ ಕಾಗದಗಳಲ್ಲಿ ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ 1:2:4 ಹಿಂದೆ ಸರಿದು 1:1½:3 ಬರುತ್ತದೆ.

ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ತಾತನ ಕಾಲದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಬೆಲ್ಲ, ಅಳಲೆಕಾಯಿಯ ಲೆಕ್ಕ. ಮೊದಲಿಗೆ ಆಳುಗಳ ಊಟದ ಖರ್ಚಿರಬೇಕು ಅನ್ನಿಸುತ್ತದೆ. ಆದರೆ ಅದು ಮದ್ರಾಸ್ ತಾರಸಿಯ ಸಾಮಾನು. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ನಿಲ್ಲಿಸಿ ಕೂರಿಸಿ, ಮೇಲೆ ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯ ಗಾರೆ ಹರಡುತ್ತಿದ್ದರು. ಆಮೇಲೆ ಹೆಂಗಸರು ಸಾಲಾಗಿ ಕೂತು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ, ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದರು. ಆ ವಾರಗಳ ಬಟವಾಡೆಯಲ್ಲಿ ಹೆಣ್ಣಾಳುಗಳ ಹೆಸರೇ ಪುಟ ತುಂಬ. ಅಪ್ಪ ಆರ್‌ಸಿಸಿಗೆ ಹೊರಳಿದ ಮೇಲೆ ಪುಸ್ತಕದಿಂದ ಬೆಲ್ಲ ಮಾಯವಾಗುತ್ತದೆ. ಅದರ ಬೆನ್ನಿಗೇ ಆ ಹೆಸರುಗಳೂ ತೆಳುವಾಗುತ್ತವೆ. ಕಾಂಕ್ರೀಟಿಗೆ ಅಡಿಯಲ್ಲಿ ಹಲಗೆ, ಆಸರೆ ಕಟ್ಟುವ ಸೆಂಟ್ರಿಂಗ್‌ನವರು, ಕಂಬಿ ಕಟ್ಟುವವರು ಬರುತ್ತಾರೆ. ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ, ಒಂದು ದಿನಕ್ಕೆ ಮಾತ್ರ ಬಾಂಡ್ಲಿ ಹೊರಲು ಹೆಂಗಸರನ್ನು ಕರೆಯುತ್ತಾರೆ. ಇದು ನಮ್ಮ ಕಂಪನಿಯಲ್ಲಿ ಆದ ಅತಿ ದೊಡ್ಡ ಬದಲಾವಣೆ ಎಂದು ನಾನು ತಿಳಿದಿದ್ದೇನೆ. ಮನೆಯವರು ಯಾರೂ ಇದನ್ನು ನನಗೆ ಹೇಳಿರಲಿಲ್ಲ.

ತಾರಸಿ ಬಡಿದಿದ್ದ ಒಬ್ಬ ಅಜ್ಜಿಯನ್ನು ಹುಡುಕಿಕೊಂಡು ಹೋದೆ. ಮನೆಯಲ್ಲಿ ಕೂತು ಕೇಳಿದರೆ, 'ಏನ್ ನೆನಪೈತೆ ಬುಡಪ್ಪಾ' ಎಂದು ಸುಮ್ಮನಾದರು. ಹಳೇ ತಾರಸಿ ಇನ್ನೂ ಉಳಿದಿದ್ದ ಒಂದು ಮನೆಗೆ ಕರೆದುಕೊಂಡು ಹೋದಾಗ, ನೀರು ಯಾವ ಕಡೆಗೆ ಹರಿಯಬೇಕಿತ್ತು, ಮೇಸ್ತ್ರಿ ಯಾವ ಮೂಲೆಯನ್ನು ಮತ್ತೆ ಬಡಿಸಿದರು, ಎಲ್ಲ ತಾವಾಗಿ ಹೇಳಿದರು. ಹಳೆಯ ಕೆಲಸಗಾರರನ್ನು ಮಾತಾಡಿಸಬೇಕಾದರೆ ಅವರು ಕಟ್ಟಿದ ಗೋಡೆಯ ಹತ್ತಿರಕ್ಕೇ ಕರೆದೊಯ್ಯಿರಿ. ಇಸವಿ ಮಾತ್ರ ಕೇಳಬೇಡಿ. ಯಾರ ಮದುವೆಯ ವರ್ಷ, ಯಾವ ಮಗು ಹುಟ್ಟಿದ ವರ್ಷ ಎಂದು ಕೇಳಿ, ಆಮೇಲೆ ಪುಸ್ತಕದೊಡನೆ ತಾಳೆ ನೋಡಿ.

ಸಿಮೆಂಟಿನ ಕಥೆ ಚಿಕ್ಕಪ್ಪನದು. ಆಗ ಸಿಮೆಂಟ್ ಬೆಲೆಯೂ ಹಂಚಿಕೆಯೂ ಸರ್ಕಾರದ ಹಿಡಿತದಲ್ಲಿತ್ತು, ಪರ್ಮಿಟ್ ಇಲ್ಲದೆ ಮೂಟೆ ಸಿಗುತ್ತಿರಲಿಲ್ಲ. 1982ರಲ್ಲಿ ಹಿಡಿತ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅಲ್ಲಿಯವರೆಗೆ ಪರ್ಮಿಟ್ಟಿಗೆ ಓಡಾಡುವುದು, ಬಂದ ಮೂಟೆಗಳನ್ನು ಕಾಯುವುದೇ ಚಿಕ್ಕಪ್ಪನ ಪೂರ್ತಿ ಕೆಲಸ. ಸಿಮೆಂಟ್ ಬಾರದ ವಾರಗಳಲ್ಲಿ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸಿ, ಮೇಸ್ತ್ರಿಗಳಿಗೆ ಕೆಲಸ ತಪ್ಪದಂತೆ ನೋಡಿಕೊಂಡದ್ದು ಪುಸ್ತಕದಲ್ಲಿ ಕಾಣುತ್ತದೆ. ಆ ಮೇಸ್ತ್ರಿಗಳ ಮಕ್ಕಳು, ಮೊಮ್ಮಕ್ಕಳು ಇನ್ನೂ ನಮ್ಮ ಜೊತೆ ಇರುವುದಕ್ಕೆ ಆ ವಾರಗಳೇ ಕಾರಣ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪಾಲುದಾರಿಕೆ ಪತ್ರಗಳ ಬಗ್ಗೆ ಒಂದು ಮಾತು. ಪಾಲುದಾರರೊಬ್ಬರು ತೀರಿಕೊಂಡರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, 1932ರ ಕಾಯ್ದೆಯ ಪ್ರಕಾರ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಸಂಸ್ಥೆ ಮುಂದುವರಿಯತಕ್ಕದ್ದು ಎಂಬ ಒಂದು ಸಾಲನ್ನು ಅಪ್ಪ ಮೊದಲೇ ಬರೆಸಿದ್ದರು. ಮನೆಮಂದಿ ಸೇರಿ ವ್ಯವಹಾರ ನಡೆಸುವವರು ತಮ್ಮ ಪತ್ರದಲ್ಲಿ ಆ ಸಾಲು ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಬರೆದು ಮುಗಿದಾಗ ಚರಿತ್ರೆಯಲ್ಲಿ ನಮ್ಮ ಕುಟುಂಬದ ಮರದ ಜೊತೆಗೆ ಮೇಸ್ತ್ರಿಗಳ ಕುಟುಂಬಗಳ ಮರಗಳನ್ನೂ ಹಾಕಿದೆ. 'ಇದು ನಮ್ಮ ಕಂಪನಿಯ ಪುಸ್ತಕ ಅಲ್ಲವೇ' ಎಂದು ದೊಡ್ಡವರೊಬ್ಬರು ಕೇಳಿದರು. ಬಟವಾಡೆಯ ಪುಟಗಳನ್ನು ಅವರ ಮುಂದಿಟ್ಟೆ; ಓದಿ ಒಪ್ಪಿಕೊಂಡರು.

ಈಗ ನಮ್ಮ ಹಾಜರಿಯೆಲ್ಲ ವಾಟ್ಸಾಪ್‌ನಲ್ಲಿ. ಫೋನ್ ಬದಲಾದರೆ ಹೋಯಿತು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಪುಸ್ತಕ ಸರಿಯಾಗಿದ್ದರೆ ನಮ್ಮ ಕೆಲಸಗಾರರಿಗೆ ಅಷ್ಟು ದಿನ ದುಡಿದರೆಂಬ ಪತ್ರ ಬರೆದುಕೊಡುವುದು ಸುಲಭ. ಹಾಗಾಗಿ ಪ್ರತಿ ತಿಂಗಳ ಬಟವಾಡೆಯನ್ನು ಕೆಲಸದ ಜಾಗದಲ್ಲಿ ಲೆಕ್ಕ ಬರೆಯುವ ಸೈಟ್ ರೈಟರ್ ಮುದ್ರಿಸಿ, ಸಹಿ ಹಾಕಿಸಿ, ವರ್ಷಕ್ಕೊಮ್ಮೆ ಹೊಲಿಸಿ ಇಡುತ್ತಾರೆ. ಊರಿನ ಹೆಸರು, ಕೆಲಸದ ಹೆಸರು, ಇಸವಿ, ಮೂರನ್ನೂ ಮೊದಲ ಪುಟದಲ್ಲೇ ಬರೆಯುವಂತೆ ಹೇಳಿದ್ದೇನೆ.