ಮನೆಯಲ್ಲಿ ಉಳಿದ ಗುಳಿಗೆ ನಾಯಿಗೆ ಬೇಡ: ಸಾಕುಪ್ರಾಣಿಗಳಿಗೆ ಆಂಟಿಬಯಾಟಿಕ್ ಕೊಡುವ ಕ್ರಮ

ನಾಯಿ ಊಟ ಬಿಟ್ಟು ಮೂಲೆ ಸೇರಿತೆಂದರೆ, ಮನೆಯವರ ಜ್ವರಕ್ಕೆಂದು ತಂದು ಉಳಿದಿದ್ದ ಗುಳಿಗೆಯನ್ನು ಅರ್ಧ ಮಾಡಿ ಹಾಲಿನಲ್ಲಿ ಕದಡಿ ಕುಡಿಸುವುದನ್ನು ನಮ್ಮ ರಾಯಚೂರಿನಲ್ಲಿಯೂ ಕಾಣಬಹುದು. ರೋಗ ಯಾವುದು, ಪ್ರಮಾಣ ಎಷ್ಟು ಎಂಬುದು ಗೊತ್ತಿಲ್ಲದಿರುವುದು ಒಂದು ತಪ್ಪಾದರೆ, ಹಾಲು ಇನ್ನೊಂದು ತಪ್ಪು.

ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಇಲ್ಲವೆ ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ. ವೈರಸ್ಸಿನ ಮೇಲೆ ಅದರ ಆಟ ನಡೆಯುವುದಿಲ್ಲ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ಎಂಬ ವೈರಸ್ ರೋಗದಲ್ಲಿ ವೈದ್ಯರು ಅದನ್ನು ಕೊಡುವುದು, ಹಾಳಾದ ಕರುಳಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರದಿರಲೆಂದೇ ಹೊರತು ಪಾರ್ವೊವನ್ನು ಗುಣಪಡಿಸಲಿಕ್ಕಲ್ಲ. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರ ಮಾತ್ರ ಬ್ಯಾಕ್ಟೀರಿಯಾದ್ದು, ಅದಕ್ಕೆ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಸಾಮಾನ್ಯವಾಗಿ 28 ದಿನಗಳ ಈ ಚಿಕಿತ್ಸೆಯಲ್ಲಿ ನಾಯಿ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ರೊಟ್ಟಿ ತಿನ್ನತೊಡಗುತ್ತದೆ. ಬಹಳ ಮಂದಿ ಗುಳಿಗೆ ನಿಲ್ಲಿಸುವುದು ಸರಿಯಾಗಿ ಆಗಲೇ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಪಶು ಆಸ್ಪತ್ರೆಯಲ್ಲಿ ಪ್ರಾಣಿಯನ್ನು ತೂಗಿಸಿ, ಏಕೆಂದರೆ ಪ್ರಮಾಣ ನಿಲ್ಲುವುದು ಕಿಲೋ ಲೆಕ್ಕದ ಮೇಲೆ. ವಯಸ್ಸು, ಗರ್ಭ, ಈಗಾಗಲೇ ಕೊಟ್ಟಿರುವ ಔಷಧ, ಹಿಂದೆ ಯಾವುದಾದರೂ ಔಷಧ ಒಗ್ಗದಿದ್ದರೆ ಅದು, ಇವೆಲ್ಲವನ್ನೂ ಹೇಳಿ. ಎನ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬೆಳೆಯುವ ನಾಯಿಮರಿಯ ಕೀಲಿನ ಮೃದ್ವಸ್ಥಿಗೆ ಹಾನಿ ಮಾಡಬಲ್ಲದು. ಬೆಕ್ಕಿಗೆ ಅದರ ಪ್ರಮಾಣ ಮೀರಿದರೆ ಕಣ್ಣೇ ಹೋಗಬಹುದು. ಮೊಲಕ್ಕೆ ಬಾಯಿಯ ಮೂಲಕ ಅಮಾಕ್ಸಿಸಿಲಿನ್ ಕೊಡಲೇಬಾರದು, ಅದರ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು ಪ್ರಾಣಕ್ಕೇ ಅಪಾಯ. ಕಿವಿಯ ಕೀವು ಅಥವಾ ಮೂತ್ರದ ಸೋಂಕು ಪದೇ ಪದೇ ಬರುತ್ತಿದ್ದರೆ, ಯಾವ ಔಷಧಕ್ಕೆ ಬಗ್ಗುತ್ತದೆಂದು ತಿಳಿಯಲು ಕಲ್ಚರ್ ಪರೀಕ್ಷೆ ಮಾಡಿಸಲು ಕೇಳಿ.

ಡಾಕ್ಸಿಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಗುಳಿಗೆಗಳನ್ನು ಹಾಲು, ಮೊಸರಿನ ಜೊತೆ ಕೊಡಬೇಡಿ. ಅವುಗಳಲ್ಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ಬಿಸಿ ಆರಿದ ಜೋಳದ ರೊಟ್ಟಿಯ ಚೂರಿನಲ್ಲಿ ಸುತ್ತಿ ಕೊಡುವುದು ನನಗೆ ಸುಲಭವೆನಿಸಿದೆ. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ನುಂಗಿಸಿದ ಮೇಲೆ ಸಿರಿಂಜಿನಿಂದ 5 ಮಿಲಿ ನೀರನ್ನು ನಿಧಾನವಾಗಿ ಕುಡಿಸಬೇಕು, ಇಲ್ಲವಾದರೆ ಗುಳಿಗೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣಾಗಬಹುದು. ಒಂದು ಹೊತ್ತು ಮರೆತರೆ ನೆನಪಾದೊಡನೆ ಕೊಡಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ಕೊಡಬೇಡಿ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಗುಳಿಗೆಯ ಪಟ್ಟಿಯನ್ನು ಕಿಟಕಿಯಲ್ಲಿಯೋ ಬೈಕಿನ ಪೆಟ್ಟಿಗೆಯಲ್ಲಿಯೋ ಇಡುವಂತಿಲ್ಲ. ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಿರಪ್ಪನ್ನು ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಡಬೇಕು, ಸಾಮಾನ್ಯವಾಗಿ 7 ದಿನಗಳಾದ ಮೇಲೆ ಬಳಸಬಾರದು. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಒಂದೆರಡು ಬಾರಿ ಸಡಿಲ ಭೇದಿಯಾದರೆ ವೈದ್ಯರಿಗೆ ಫೋನ್ ಮಾಡಿ ಕೇಳಬಹುದು. ಮುಖ ಬಾತರೆ, ಮೈಮೇಲೆ ದದ್ದೆದ್ದರೆ, ಉಸಿರಾಟ ಕಷ್ಟವಾದರೆ ಮುಂದಿನ ಗುಳಿಗೆ ಕೊಡದೆ, ಔಷಧದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಕ್ಷಣ ಆಸ್ಪತ್ರೆಗೆ ಹೋಗಬೇಕು.