ಮನೆಗೆಲಸ ಯಾರ ಪಾಲಿಗೆ ಎಷ್ಟು? ಒಂದು ವಾರ ಬರೆದಿಟ್ಟು ನೋಡುವ ಬಗೆ

"ದಿನವಿಡೀ ಮನೇಲೇ ಇರ್ತೀಯಲ್ಲ, ಏನ್ ಮಾಡ್ತೀಯ?" ಅಂತ ಒಬ್ಬರು. "ನಿಮಗೇನ್ರೀ ಗೊತ್ತು" ಅಂತ ಇನ್ನೊಬ್ಬರು. ಈ ಜಗಳವನ್ನು ಬಾಯಿಮಾತಲ್ಲಿ ಗೆದ್ದವರು ಯಾರೂ ಇಲ್ಲ. ಬರೆದಿಟ್ಟರೆ ಮಾತ್ರ ಬಗೆಹರಿಯುತ್ತೆ, ಬಗೆಹರಿಯದಿದ್ದರೂ ಜಗಳ ಯಾವುದರ ಮೇಲೆ ಅಂತಲಾದರೂ ಗೊತ್ತಾಗುತ್ತೆ.

ಇಡೀ ದೇಶಕ್ಕೆ ಈ ಲೆಕ್ಕವನ್ನು ಕೇಂದ್ರ ಸರ್ಕಾರವೇ ಹಾಕಿದೆ. ಸಮಯ ಬಳಕೆ ಸಮೀಕ್ಷೆ ಅಂತ ಅದರ ಹೆಸರು. 2019ರಲ್ಲಿ ಒಮ್ಮೆ ನಡೆಯಿತು, 2024ರಲ್ಲಿ ಮತ್ತೆ ನಡೆಯಿತು. 2019ರಲ್ಲಿ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ಕೊಟ್ಟಿದ್ದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ 289 ಮತ್ತು 88. ಗಂಡಸರದ್ದು ಒಂದೂವರೆ ಗಂಟೆ ಇದೆಯಲ್ಲ, ಪರವಾಗಿಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಅದು ಆ ದಿನ ಏನಾದರೂ ಒಂದು ಕೆಲಸ ಮುಟ್ಟಿದ ಗಂಡಸರ ಸರಾಸರಿ ಮಾತ್ರ. 2019ರಲ್ಲಿ ಹಾಗೆ ಮುಟ್ಟಿದವರು ನೂರಕ್ಕೆ 26 ಜನ, ಹೆಂಗಸರಲ್ಲಿ 81. ಉಳಿದ ಮುಕ್ಕಾಲು ಪಾಲು ಗಂಡಸರದ್ದು ಸೊನ್ನೆ.

ಅದೇ ಸಮೀಕ್ಷೆಯ ಪದ್ಧತಿಯನ್ನು ಸ್ವಲ್ಪ ತಿದ್ದಿ ನಮ್ಮ ಮನೆಗೆ ಹಾಕಿಕೊಳ್ಳೋಣ.

ಹಾಳೆ ಹೀಗೆ ಮಾಡಿ

ಒಬ್ಬೊಬ್ಬರಿಗೆ ದಿನಕ್ಕೊಂದು ಹಾಳೆ. ಬೆಳಗಿನ ಜಾವ 4ರಿಂದ ಮರುದಿನ ಬೆಳಗಿನ ಜಾವ 4ರವರೆಗೆ ಅರ್ಧರ್ಧ ಗಂಟೆಗೆ ಒಂದು ಸಾಲು, ಒಟ್ಟು 48 ಸಾಲು. 4ಕ್ಕೇ ಯಾಕೆ ಅಂದರೆ ಸಮೀಕ್ಷೆಯವರ ದಿನ ಶುರುವಾಗೋದೇ ಆಗ, ಮತ್ತೆ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಬಾಗಿಲಿಗೆ ನೀರು ಹಾಕುವ ಕೆಲಸ ಐದಕ್ಕೇ ಶುರುವಾಗುತ್ತೆ. ಆರಕ್ಕೆ ಶುರು ಮಾಡಿದರೆ ಅದೆಲ್ಲ ಬಿಟ್ಟುಹೋಗುತ್ತೆ.

ಮೂರು ಕಾಲಂ ಬೇಕು. ಮೊದಲನೆಯದರಲ್ಲಿ ಏನು ಮಾಡಿದೆ. ಎರಡನೆಯದರಲ್ಲಿ ಅದರ ಜೊತೆಗೇ ಇನ್ನೇನು ನಡೀತಿತ್ತು. ಕುಕ್ಕರ್ ಸೀಟಿ ಎಣಿಸುತ್ತಾ ಮಗುವಿಗೆ ಮಗ್ಗಿ ಹೇಳಿಕೊಡುತ್ತಾ ಅತ್ತೆಗೆ ಬಿಸಿನೀರು ಕಾಯಿಸುವ ಅರ್ಧ ಗಂಟೆಯನ್ನು ಬರೀ 'ಅಡುಗೆ' ಅಂತ ಬರೆದರೆ ಎರಡು ಕೆಲಸ ಮಾಯ. ಮೂರನೆಯ ಕಾಲಂ ನಾನು ಸೇರಿಸಿದ್ದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಈ ಕೆಲಸ ಆಗಬೇಕು ಅಂತ ನೆನಪಿಟ್ಟುಕೊಂಡಿದ್ದು ಯಾರು? ಗ್ಯಾಸ್ ಬುಕ್ ಮಾಡೋದು, ಮಾವನ ಬಿಪಿ ಮಾತ್ರೆ ಮುಗಿಯುತ್ತಾ ಬಂತು ಅನ್ನೋದು, ಶಾಲೆ ಫೀಸಿನ ಕಡೇ ದಿನಾಂಕ, ನಾದಿನಿ ಮಗಳ ನಾಮಕರಣಕ್ಕೆ ಏನು ಉಡುಗೊರೆ ಅನ್ನೋದು. ಇವಕ್ಕೆ ಕೈ ಓಡಿಸುವ ಸಮಯ ಐದೇ ನಿಮಿಷ. ತಲೆಯಲ್ಲಿಟ್ಟುಕೊಂಡು ಓಡಾಡಿದ್ದು ಮಾತ್ರ ಎರಡು ದಿನ.

ಅವರವರ ಹಾಳೆ ಅವರವರೇ ತುಂಬಬೇಕು. ಗಂಡನದ್ದು ಹೆಂಡತಿ, ಹೆಂಡತಿಯದ್ದು ಗಂಡ ಬರೆದರೆ ಅದು ಲೆಕ್ಕ ಅಲ್ಲ, ದೂರು. ದಿನಾ ರಾತ್ರಿ ಮಲಗುವ ಮುಂಚೆ ತುಂಬಿ, ಭಾನುವಾರ ಕೂತು ಇಡೀ ವಾರದ್ದು ನೆನಪಿಸಿಕೊಳ್ಳುವುದು ಆಗದ ಮಾತು. ವಾರದಲ್ಲಿ ಭಾನುವಾರ ಇರಲೇಬೇಕು. ರಜಾ ದಿನ ಯಾರಿಗೆ ರಜಾ ಅಂತ ಅಲ್ಲೇ ಗೊತ್ತಾಗೋದು. ಹಬ್ಬದ ದಿನವೂ ಸಿಕ್ಕರೆ ಇನ್ನೂ ಒಳ್ಳೆಯದು. ಮದುವೆ ಇರುವ ವಾರ ಮಾತ್ರ ಬೇಡ.

ಒಂದು ತಿಂಡಿ ಹಿಡಿದು ನೋಡಿ

ದೋಸೆಯನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಹುಯ್ಯೋದು ಅರ್ಧ ಗಂಟೆ, ಒಂದೇ ಸಾಲು. ಆದರೆ ಹಿಂದಿನ ದಿನ ಮಧ್ಯಾಹ್ನ ಉದ್ದು, ಅಕ್ಕಿ, ಚೂರು ಮೆಂತ್ಯ ನೆನೆಹಾಕಿರಬೇಕು. ಸಂಜೆ ಕರೆಂಟ್ ಇದ್ದಾಗ ರುಬ್ಬಬೇಕು, ಗ್ರೈಂಡರ್ ತೊಳೆಯಬೇಕು (ಅದನ್ನು ತೊಳೆಯೋದೇ ಒಂದು ಶಿಕ್ಷೆ), ಚಳಿಗಾಲವಾದರೆ ಹಿಟ್ಟು ಉಬ್ಬಲಿ ಅಂತ ಬೆಚ್ಚಗಿನ ಜಾಗ ಹುಡುಕಿ ಇಡಬೇಕು. ಇದಕ್ಕೂ ಮುಂಚೆ ಉದ್ದು ಮುಗಿದಿದೆ ಅಂತ ಯಾರಿಗೋ ನೆನಪಾಗಿರಬೇಕು. ಹೆಂಚಿನ ಮುಂದೆ ನಿಂತು ನಾಲ್ಕು ದೋಸೆ ಹುಯ್ದವರು 'ಇವತ್ತು ತಿಂಡಿ ನಾನೇ ಮಾಡಿದೆ' ಅಂತ ಬರೆದರೆ ಸುಳ್ಳೇನಲ್ಲ, ಆದರೆ ಹಿಂದಿನ ದಿನದ ಹಾಳೆಯನ್ನೂ ಪಕ್ಕದಲ್ಲಿಟ್ಟು ಓದಿ.

ವಾರ ಮುಗಿದ ಮೇಲೆ

ನಾಲ್ಕು ಗುಂಪು ಮಾಡಿ. ದುಡ್ಡು ಬರುವ ಕೆಲಸ, ಬಸ್ಸಿನಲ್ಲಿ ಟ್ರಾಫಿಕ್‌ನಲ್ಲಿ ಕಳೆದದ್ದೂ ಇದರಲ್ಲೇ. ಮನೆಗೆಲಸ. ಮಕ್ಕಳನ್ನು, ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳೋದು. ಕೊನೆಯದು ತನಗೆ ಅಂತ ಉಳಿದ ಸಮಯ. ಗಂಡಸರ ಮೊದಲ ಗುಂಪು ಸಾಮಾನ್ಯವಾಗಿ ದೊಡ್ಡದೇ ಇರುತ್ತೆ, ಅದನ್ನು ಕಡಿಮೆ ಮಾಡಿ ತೋರಿಸಬೇಡಿ. ಸಾಲದ ಕಂತು ಕಟ್ಟಬೇಕು ಅಂತ ಎರಡು ಪಾಳಿ ದುಡಿಯೋನಿಗೆ ಮಗು ಎಚ್ಚರ ಇರುವಾಗ ಮುಖ ತೋರಿಸೋಕೂ ಆಗಲ್ಲ, ಅದೂ ಈ ಸಮಾಜ ಹೇರಿದ ಕಟ್ಟಳೆಯೇ. ಮೊದಲ ಮೂರು ಗುಂಪು ಕೂಡಿಸಿ, ಆಮೇಲೆ ನಾಲ್ಕನೆಯದನ್ನು ಪಕ್ಕಪಕ್ಕ ಇಡಿ. ಜಗಳದ ಮೂಲ ಹೆಚ್ಚಾಗಿ ಅಲ್ಲಿರುತ್ತೆ.

ಹಳ್ಳಿ ಮನೆಯಾದರೆ ಗುಂಪು ಮಾಡೋದು ಇಷ್ಟು ಸುಲಭ ಅಲ್ಲ. ರಾಮನಗರದ ಕಡೆ ರೇಷ್ಮೆ ಹುಳು ಸಾಕುವ ಮನೆ ಅಂದುಕೊಳ್ಳಿ. ನಾಲ್ಕನೇ ಜ್ವರ (ಹುಳು ತಿನ್ನೋದು ನಿಲ್ಲಿಸಿ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಹುಳುಗಳು ತಿನ್ನೋದಕ್ಕೆ ಲೆಕ್ಕವೇ ಇಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಹಣ್ಣಾದ, ಅಂದರೆ ಗೂಡು ಕಟ್ಟೋಕೆ ಸಿದ್ಧವಾದ ಹುಳ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ಇದರಲ್ಲಿ ಹೆಂಗಸರ ಕೈ ದೊಡ್ಡದು. ಗೂಡು ಮಾರುಕಟ್ಟೆಗೆ ಹೋಗೋದು, ದುಡ್ಡು ಎಣಿಸಿಕೊಳ್ಳೋದು ಹೆಚ್ಚಾಗಿ ಗಂಡಸರು. ಹಾಗಂತ ಹೆಂಗಸಿನ ಹಾಳೆಯಲ್ಲಿ ಸೊಪ್ಪು ಹಾಕಿದ್ದನ್ನು ಮನೆಗೆಲಸಕ್ಕೆ ಸೇರಿಸಬೇಡಿ, ಅದು ದುಡ್ಡಿನ ಕೆಲಸ. ಹಸುವಿಗೆ ಹುಲ್ಲು ಕುಯ್ದು ತಂದು, ಹಾಲು ಕರೆದು ಡೇರಿಗೆ ಹಾಕೋದೂ ಅಷ್ಟೇ, ಡೇರಿ ಪುಸ್ತಕ ಯಾರ ಹೆಸರಲ್ಲಾದರೂ ಇರಲಿ. ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ ಬರೀ ಮನೆಗೆಲಸದವರಿಗೆ 92 ಅಂತ ಒಂದು ಸಂಖ್ಯೆ, ಮನೆಗೆಲಸದ ಜೊತೆ ಸೌದೆ, ಮೇವು ತರುವವರಿಗೆ 93 ಅಂತ ಇನ್ನೊಂದು. ಎರಡೂ ದುಡಿಯುವವರ ಪಟ್ಟಿಯಿಂದ ಹೊರಗೆ. ನಿಮ್ಮ ಹಾಳೆಯಲ್ಲಾದರೂ ಅದು ಒಳಗೆ ಬರಲಿ.

ಇದಕ್ಕೆ ರೂಪಾಯಿ ಬೆಲೆ ಕಟ್ಟಬೇಕಾ? ನನ್ನ ಕೇಳಿದರೆ ಬೇಡ. ಬೆಲೆ ಕಟ್ಟಿದವರಿದ್ದಾರೆ. 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಅಂತ ಅಂದಾಜು ಮಾಡಿತು, 2021ರ ಇನ್ನೊಂದು ತೀರ್ಪಿನಲ್ಲಿ ಆ 299 ಮತ್ತು 97ರ ಲೆಕ್ಕವನ್ನೇ ಎತ್ತಿ ಹೇಳಿತು. ಆದರೆ ಎರಡೂ ಪರಿಹಾರದ ಮೊಕದ್ದಮೆಗಳು. ಬದುಕಿದ್ದಾಗ ಯಾರೂ ಕೇಳದ ಬೆಲೆಯನ್ನು ಸತ್ತ ಮೇಲೆ ಕಟ್ಟಿದ್ದು. ಗೃಹಲಕ್ಷ್ಮಿಯ 2,000 ಬರುತ್ತಲ್ಲ ಅನ್ನಬೇಡಿ, ಅದು ಈ ಕೆಲಸದ ಕೂಲಿ ಅಲ್ಲ.

ಕೆಲಸ ದಾಟಿಸುವಾಗ

ಚೂರು ಚೂರು ಹಂಚಬೇಡಿ. 'ನಾನು ತರಕಾರಿ ಹೆಚ್ಚಿಕೊಡ್ತೀನಿ' ಅಂದರೆ ಯಾವ ತರಕಾರಿ, ಎಷ್ಟು, ಯಾವ ಸೈಜು ಅಂತ ಹೇಳುವ ಕೆಲಸ ಮತ್ತೆ ಆಕೆಗೇ. ಒಂದು ಕೆಲಸವನ್ನು ಮೂರನೇ ಕಾಲಂ ಸಮೇತ ಪೂರ್ತಿ ಕೊಟ್ಟುಬಿಡಿ. ದೋಸೆ ಅಂದರೆ ಉದ್ದು ತರುವುದರಿಂದ ಗ್ರೈಂಡರ್ ತೊಳೆಯುವವರೆಗೆ. ಕೊಟ್ಟ ಮೇಲೆ ಹಿಂದೆ ನಿಂತು ತಪ್ಪು ಹುಡುಕಬಾರದು. ಹಿಟ್ಟು ಒಂದೆರಡು ಸಲ ಹುಳಿ ಬರುತ್ತೆ, ಬರಲಿ.

ಅಡ್ಡಿ ಬರೋದು ಗಂಡನಿಂದಲೇ ಅಂತೇನಿಲ್ಲ. ಎಷ್ಟೋ ಮನೆಗಳಲ್ಲಿ ಮಗ ಪಾತ್ರೆಗೆ ಕೈ ಹಾಕಿದರೆ ಅಮ್ಮನೇ "ಬಿಡೋ, ಇದೆಲ್ಲ ನಿನಗ್ಯಾಕೆ" ಅಂತ ಕಿತ್ತುಕೊಳ್ಳುತ್ತಾರೆ. ಗಂಡಸು ಮಹಡಿ ಮೇಲೆ ಬಟ್ಟೆ ಒಣಗಿಸಿದರೆ ಎದುರು ಮನೆಯವರಿಗೆ ಒಂದು ವಾರದ ಮಾತು. ಇದಕ್ಕೆ ನನಗೆ ತಿಳಿದ ಉಪಾಯ ಒಂದೇ, ಅಮ್ಮನಿಗೂ ಒಂದು ಹಾಳೆ ಕೊಡಿ. ತನ್ನ ದಿನವನ್ನು ತಾನೇ ಸಾಲು ಸಾಲಾಗಿ ಬರೆದವರು ಹೆಚ್ಚು ವಾದ ಮಾಡಲ್ಲ.

ಮಕ್ಕಳಿಗೂ ಕೊಡಿ, ಸರ್ಕಾರದ ಸಮೀಕ್ಷೆಯಲ್ಲೂ ಆರು ವರ್ಷದಿಂದಲೇ ಲೆಕ್ಕ. ಅಣ್ಣ ತಂಗಿ ಇದ್ದರೆ ಇಬ್ಬರದ್ದೂ ಪರೀಕ್ಷೆಗೆ ಮುಂಚಿನ ವಾರ ಬರೆಸಿ. ಇಬ್ಬರಿಗೂ ಪರೀಕ್ಷೆ ಇದ್ದು, ಅವಳ ಹಾಳೆಯಲ್ಲಿ ಮಾತ್ರ ಕಸ ಗುಡಿಸಿದ್ದು, ತಟ್ಟೆ ಎತ್ತಿದ್ದು, ಬಂದವರಿಗೆ ನೀರು ಕೊಟ್ಟಿದ್ದು ಉಳಿದಿದ್ದರೆ, ಅದರಲ್ಲಿ ಅರ್ಧವನ್ನು ಅವತ್ತೇ ಅಣ್ಣನ ಹೆಸರಿಗೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ.